ನೋಡುತ್ತ ಕುಳಿತವರ ನಾಟಕಕಾರ

ಮಾಸ್ಕೋದ ಅರಮನೆಯಲ್ಲಿ ಬೊಯಾರರ ಸಭೆ ಸೇರಿದೆ. ಬೊಯಾರರೆಂದರೆ ಹಳೆಯ ರಷ್ಯಾದ ದೊಡ್ಡ ಮನೆತನಗಳ ಸರದಾರರು. ತ್ಸಾರ್ ಇವಾನ್ ತನ್ನ ಹಿರಿಯ ಮಗನನ್ನು ಕೈಯಾರೆ ಕೊಂದು, ಆ ಸಂಕಟದಲ್ಲಿ ಕಿರೀಟವನ್ನು ಕೆಳಗಿಟ್ಟು, ಇನ್ನು ಮುಂದೆ ಯಾರು ಆಳಬೇಕೆಂಬುದನ್ನು ನೀವೇ ತೀರ್ಮಾನಿಸಿ ಎಂದು ಅವರಿಗೆ ಹೇಳಿಕಳುಹಿಸಿದ್ದಾನೆ. ಗಡಿಯಲ್ಲಿ ಪೋಲೆಂಡಿನ ಸೈನ್ಯ ಪ್ಸ್ಕೋವ್ ನಗರಕ್ಕೆ ಮುತ್ತಿಗೆ ಹಾಕಿದೆ. ಇಷ್ಟೆಲ್ಲ ತಲೆಯ ಮೇಲಿರುವಾಗ, ಪರದೆ ಸರಿದ ಕೂಡಲೇ ನಮ್ಮ ಕಿವಿಗೆ ಬೀಳುವುದು ಸಭೆಯಲ್ಲಿ ಯಾರು ಯಾರಿಗಿಂತ ಮೇಲೆ ಕೂರಬೇಕು, ಯಾರ ಮನೆತನ ಹಿರಿದು ಎಂಬ ಜಗಳ.

ಜಗಳ ಹೇಗೋ ತಣ್ಣಗಾದ ಮೇಲೆ ಅವರು ಮಾತಿಗೆ ಬರುತ್ತಾರೆ. ದಶಕಗಳ ಕಾಲ ತಮ್ಮ ಅಣ್ಣತಮ್ಮಂದಿರನ್ನು, ಮಕ್ಕಳನ್ನು ಕೊಲ್ಲಿಸಿದವನು ತಾನಾಗಿಯೇ ಸಿಂಹಾಸನ ಬಿಟ್ಟು ಹೋಗುತ್ತೇನೆನ್ನುತ್ತಿದ್ದಾನೆ. ಆದರೂ ಅವರು, ಮರಳಿ ಬಂದು ನಮ್ಮನ್ನು ಆಳು ಎಂದು ಅವನನ್ನೇ ಬೇಡಿಕೊಳ್ಳಲು ಹೊರಡುತ್ತಾರೆ. ಸಿತ್ಸ್ಕಿ ಎಂಬ ಒಬ್ಬ ಸರದಾರ ಮಾತ್ರ ಬೇಡವೆಂದು ಕೂಗಿ ಹೇಳಿ ಹಿಂದೆ ಉಳಿಯುತ್ತಾನೆ. ಇವಾನ್ ಮತ್ತೆ ಕಿರೀಟ ತೊಡುತ್ತಾನೆ, ಎದುರು ನಿಂತವರ ಮೇಲೆ ಕಣ್ಣಾಡಿಸುತ್ತಾನೆ, ಸಿತ್ಸ್ಕಿ ಏಕೆ ಕಾಣುತ್ತಿಲ್ಲವೆಂದು ಕೇಳುತ್ತಾನೆ. ಕಾರಣ ತಿಳಿದ ಕೂಡಲೇ ಅವನ ತಲೆ ತೆಗೆಯಲು ಅಪ್ಪಣೆಯಾಗುತ್ತದೆ. ತುಸು ಹೊತ್ತಿನ ಹಿಂದೆ ಸಿತ್ಸ್ಕಿಯೊಡನೆ ಒಂದೇ ಕೋಣೆಯಲ್ಲಿ ಕುಳಿತಿದ್ದವರು ಆ ಅಪ್ಪಣೆಯನ್ನು ಕೇಳಿಸಿಕೊಳ್ಳುತ್ತಾರೆ.

ಇದು 1866ರಲ್ಲಿ ಪ್ರಕಟವಾದ ‘ಇವಾನ್ ದಿ ಟೆರಿಬಲ್‌ನ ಮರಣ’ ನಾಟಕದ ಮೊದಲ ಅಂಕ. ಬರೆದವನು ಕೌಂಟ್ ಅಲೆಕ್ಸಿ ಕಾನ್‌ಸ್ತಾಂತಿನೊವಿಚ್ ಟಾಲ್‌ಸ್ಟಾಯ್. ಟಾಲ್‌ಸ್ಟಾಯ್ ಎಂದರೆ ನಮಗೆ ‘ಯುದ್ಧ ಮತ್ತು ಶಾಂತಿ’ಯ ಲಿಯೋ ಟಾಲ್‌ಸ್ಟಾಯ್ ಒಬ್ಬರೇ ನೆನಪಾಗುವುದು ಸಹಜ, ಇವನು ಅವರ ದೂರದ ದಾಯಾದಿ, ಅವರಿಗಿಂತ ಹನ್ನೊಂದು ವರ್ಷ ಹಿರಿಯ. ನಾನು ಈ ನಾಟಕವನ್ನು ಇಂಗ್ಲಿಷ್ ಅನುವಾದದಲ್ಲಿ ಮೊದಲು ಓದಿದಾಗ ಸಿತ್ಸ್ಕಿಯ ಪ್ರಸಂಗವನ್ನು ದಾಟಿ ಮುಂದೆ ಹೋಗಲು ನನಗೆ ಎರಡು ದಿನ ಬೇಕಾಯಿತು. ಆಗ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲಿ ಕೆಲವೇ ತಿಂಗಳ ಹಿಂದೆ ಒಂದು ಸಭೆ ನಡೆದಿತ್ತು. ಹನ್ನೆರಡು ಮಂದಿ ಕುಳಿತಿದ್ದೆವು. ಲೆಕ್ಕದಲ್ಲಿ ಸರಿಯಿಲ್ಲದ್ದನ್ನು ಸರಿಯಿಲ್ಲವೆಂದು ಒಬ್ಬರು ಹೇಳಿದರು. ಅವರು ಹೇಳಿದ್ದು ನಿಜವೆಂದು ಉಳಿದ ಹನ್ನೊಂದು ಮಂದಿಗೂ ಗೊತ್ತಿತ್ತು. ಮುಂದಿನ ತಿಂಗಳು ಅವರಿಗೆ ದೂರದ ಊರಿಗೆ ವರ್ಗವಾಯಿತು. ಬೀಳ್ಕೊಡುಗೆಯ ದಿನ ಹಾರ ಹಾಕಿದವರಲ್ಲಿ ನಾನೂ ಇದ್ದೆ. ಇವಾನನ ಕ್ರೌರ್ಯದೊಡನೆ ಆ ಸಣ್ಣ ಸಂಗತಿಯನ್ನು ಹೋಲಿಸುವುದು ನನ್ನ ಉದ್ದೇಶವಲ್ಲ. ಆದರೆ ಈ ನಾಟಕಕಾರನ ಕಣ್ಣು ಸಿಂಹಾಸನದ ಮೇಲೆ ನೆಟ್ಟಿರುವುದಕ್ಕಿಂತ ಹೆಚ್ಚಾಗಿ ಅದರ ಸುತ್ತ ಕುಳಿತವರ ಮೇಲೆ ನೆಟ್ಟಿದೆ ಎಂಬುದು ನನಗೆ ಹೊಳೆದದ್ದು ಆ ನೆನಪಿನಿಂದಲೇ. ಆ ಮೇಲೆ ಅವನ ಬದುಕಿನ ವಿವರಗಳನ್ನು ಹುಡುಕಿ ಓದುತ್ತ ಹೋದಂತೆ, ಅವನಿಗೆ ಆ ಕಣ್ಣು ಎಲ್ಲಿಂದ ಬಂತು ಎಂಬುದೂ ತಿಳಿಯುತ್ತ ಹೋಯಿತು.

ಅವನು ಹುಟ್ಟಿದ್ದು ಪೀಟರ್ಸ್‌ಬರ್ಗ್‌ನಲ್ಲಿ, ಹಳೆಯ ಪಂಚಾಂಗದ ಪ್ರಕಾರ 1817ರ ಆಗಸ್ಟ್ 24ರಂದು. ಮಗು ಆರು ವಾರದ್ದಾಗಿದ್ದಾಗ ತಾಯಿ ಅನ್ನಾ ಪೆರೋವ್‌ಸ್ಕಯಾ ಗಂಡನನ್ನು ತೊರೆದು ಅದನ್ನು ಎತ್ತಿಕೊಂಡು ದಕ್ಷಿಣದ ಚೆರ್ನಿಗೋವ್ ಪ್ರಾಂತಕ್ಕೆ ಹೊರಟುಹೋದಳು. ತಂದೆಯ ಸ್ಥಾನದಲ್ಲಿ ನಿಂತು ಬೆಳೆಸಿದವನು ಸೋದರಮಾವ ಅಲೆಕ್ಸಿ ಪೆರೋವ್‌ಸ್ಕಿ. ಅಂತೋನಿ ಪೊಗೊರೆಲ್‌ಸ್ಕಿ ಎಂಬ ಹೆಸರಿನಲ್ಲಿ ಕಥೆ ಬರೆಯುತ್ತಿದ್ದ ಈ ಮಾವ ತನ್ನ ಅಳಿಯನಿಗಾಗಿಯೇ ಬರೆದ ‘ಕಪ್ಪು ಕೋಳಿ’ ಎಂಬ ಕಥೆ 1829ರಲ್ಲಿ ಪ್ರಕಟವಾಗಿ, ರಷ್ಯನ್ ಮಕ್ಕಳು ಇಂದಿಗೂ ಓದುವ ಪುಸ್ತಕವಾಗಿ ಉಳಿದಿದೆ. ಹುಡುಗ ಬೆಳೆದದ್ದು ಕ್ರಾಸ್ನಿ ರೋಗ್ ಎಂಬ ಹಳ್ಳಿಯ ಎಸ್ಟೇಟಿನಲ್ಲಿ, ಕಾಡಿನ ಮಗ್ಗುಲಲ್ಲಿ. ಹತ್ತು ವರ್ಷದವನಾಗಿದ್ದಾಗ ಮಾವ ಅವನನ್ನು ಜರ್ಮನಿಗೆ ಕರೆದೊಯ್ದ. ವೈಮಾರ್‌ನಲ್ಲಿ ಮುದುಕ ಗಯಟೆಯ ತೊಡೆಯ ಮೇಲೆ ಕುಳಿತದ್ದನ್ನೂ, ಆ ಕವಿ ತನ್ನ ಕೈಯಾರೆ ಹಡಗೊಂದರ ಚಿತ್ರ ಗೀಚಿದ ಮ್ಯಾಮತ್ ದಂತದ ತುಂಡನ್ನು ತನಗೆ ಕೊಟ್ಟದ್ದನ್ನೂ ಅವನು ಸಾಯುವ ಹಿಂದಿನ ವರ್ಷ ಬರೆದ ಆತ್ಮಕಥನದ ಪತ್ರದಲ್ಲಿ ನೆನೆಯುತ್ತಾನೆ.

ಅವನ ಹಣೆಬರಹವನ್ನು ಬರೆದ ಸಂಗತಿ ಅದಕ್ಕೂ ಒಂದು ವರ್ಷ ಮೊದಲೇ, 1826ರಲ್ಲಿ ನಡೆದುಹೋಗಿತ್ತು. ಅರಮನೆಯಲ್ಲಿ ಸಂಪರ್ಕವಿದ್ದ ಬಂಧುಗಳು ಎಂಟು ವರ್ಷದ ಹುಡುಗನನ್ನು ಯುವರಾಜ ಅಲೆಕ್ಸಾಂಡರ್‌ನ ಜೊತೆ ಆಟವಾಡಲು ಆರಿಸಿ ಕಳುಹಿಸಿದರು. ಭಾನುವಾರಗಳಂದು ಅರಮನೆಯಲ್ಲಿ ಒಟ್ಟಿಗೆ ಆಡಿದ ಈ ಇಬ್ಬರಲ್ಲಿ ಒಬ್ಬ ಮುಂದೆ ಎರಡನೆಯ ಅಲೆಕ್ಸಾಂಡರ್ ಎಂಬ ಹೆಸರಿನಿಂದ ಇಡೀ ರಷ್ಯಾವನ್ನು ಆಳಿದ. ಇನ್ನೊಬ್ಬನು ಸರ್ವಾಧಿಕಾರವೆಂಬುದು ಆಳುವವನನ್ನೂ ಆಳಿಸಿಕೊಳ್ಳುವವರನ್ನೂ ಏನು ಮಾಡುತ್ತದೆ ಎಂಬುದನ್ನೇ ಜೀವಮಾನವಿಡೀ ಬರೆದ. ಅವರ ಗೆಳೆತನ ಕೊನೆಯವರೆಗೂ ಮುರಿಯಲಿಲ್ಲ; ಮುರಿದಿದ್ದರೆ ಅವನ ಬದುಕು ಬಹುಶಃ ಹಗುರವಾಗಿರುತ್ತಿತ್ತು.

ನೌಕರಿಯ ವಿವರಗಳನ್ನು ಬೇಗ ಹೇಳಿ ಮುಗಿಸಬಹುದು. 1834ರಲ್ಲಿ ಮಾಸ್ಕೋದ ವಿದೇಶಾಂಗ ದಫ್ತರಖಾನೆಯಲ್ಲಿ ಹಳೆಯ ಕಾಗದಪತ್ರಗಳ ನಡುವೆ ಕೆಲಸಕ್ಕೆ ಸೇರಿದ, ಮುಂದೆ ಫ್ರಾಂಕ್‌ಫರ್ಟ್‌ನ ರಾಯಭಾರಿ ಕಚೇರಿಯಲ್ಲಿದ್ದ, ಆ ಮೇಲೆ ಚಕ್ರವರ್ತಿಯ ಸ್ವಂತ ಕಾರ್ಯಾಲಯದಲ್ಲಿ. ಅವನ ಮೈಕಟ್ಟು ಹೇಗಿತ್ತೆಂದರೆ ಕುದುರೆಯ ಲಾಳವನ್ನು ಬರಿಗೈಯಲ್ಲಿ ಬಗ್ಗಿಸುತ್ತಿದ್ದನೆಂದು ಸಮಕಾಲೀನರು ಬರೆದಿದ್ದಾರೆ; ಕರಡಿ ಬೇಟೆಯೆಂದರೆ ಅವನಿಗೆ ಪ್ರಾಣ. ಇಷ್ಟು ಗಟ್ಟಿಮುಟ್ಟಾದ ಮನುಷ್ಯನಿಗೆ ಆಸ್ಥಾನದ ಅಂಗಿ ಮಾತ್ರ ಎಂದೂ ಮೈಗೆ ಹಿಡಿಸಲಿಲ್ಲ.

ರಂಗಭೂಮಿಯ ಮೇಲೆ ಅವನ ಮೊದಲ ಪ್ರಯೋಗ ಒಂದೇ ರಾತ್ರಿಯದು. ತನ್ನ ಸೋದರ ಸಂಬಂಧಿಗಳಾದ ಜೆಮ್‌ಚುಜ್ನಿಕೋವ್ ಸಹೋದರರೊಡನೆ ಸೇರಿ ಅವನು ಕೊಜ್ಮಾ ಪ್ರುತ್ಕೋವ್ ಎಂಬ ಕಲ್ಪಿತ ಕವಿಯನ್ನು ಸೃಷ್ಟಿಸಿದ್ದ. ತನ್ನ ಪೆದ್ದುತನವೇ ಪಾಂಡಿತ್ಯವೆಂದು ನಂಬಿದ ಸರ್ಕಾರಿ ಅಧಿಕಾರಿ ಈ ಪ್ರುತ್ಕೋವ್. ಆ ಬಳಗದಿಂದ ಹುಟ್ಟಿದ ‘ಫ್ಯಾಂಟಸಿ’ ಎಂಬ ಪ್ರಹಸನ 1851ರ ಜನವರಿ 8ರಂದು ಪೀಟರ್ಸ್‌ಬರ್ಗ್‌ನ ಅಲೆಕ್ಸಾಂದ್ರಿನ್‌ಸ್ಕಿ ರಂಗಮಂದಿರದಲ್ಲಿ ಪ್ರದರ್ಶನಗೊಂಡಿತು; ವೇದಿಕೆಯ ಮೇಲೆ ನಿಜವಾದ ನಾಯಿಗಳು ಓಡಾಡಿದವು. ನೋಡಲು ಬಂದಿದ್ದ ಒಂದನೆಯ ನಿಕೊಲಾಸ್ ಚಕ್ರವರ್ತಿ ಮುಗಿಯುವ ಮೊದಲೇ ಎದ್ದು ಹೋದ, ನಾಟಕ ಮತ್ತೆಂದೂ ಆಡಬಾರದೆಂದು ಅಪ್ಪಣೆಯಾಯಿತು. ಇಡೀ ರಂಗಮಂದಿರದ ಅಭಿಪ್ರಾಯ ಒಬ್ಬ ಪ್ರೇಕ್ಷಕನ ಬೆನ್ನನ್ನು ನೋಡಿ ನಿರ್ಧಾರವಾಗುವುದನ್ನು ಅವನು ಅಂದೇ ಕಂಡಿರಬೇಕು ಎಂದು ನನಗನ್ನಿಸುತ್ತದೆ.

ಅದೇ ಚಳಿಗಾಲದ ಒಂದು ಮುಖವಾಡದ ನೃತ್ಯಕೂಟದಲ್ಲಿ ಅವನು ಸೋಫಿಯಾ ಮಿಲ್ಲರ್‌ಳನ್ನು ಕಂಡ. ಆಕೆ ಅಶ್ವದಳದ ಅಧಿಕಾರಿಯೊಬ್ಬನ ಹೆಂಡತಿ. ಗಂಡನಿಂದ ದೂರವಿದ್ದಳು, ಅನೇಕ ಭಾಷೆಗಳನ್ನು ಬಲ್ಲವಳು. ಆ ರಾತ್ರಿಯ ಮೇಲೆ ಅವನು ಬರೆದ ಕವಿತೆಗೆ ಚೈಕೋವ್‌ಸ್ಕಿ ರಾಗ ಕೂಡಿಸಿದ್ದಾನೆ. ತಾಯಿಯ ವಿರೋಧ, ವಿಚ್ಛೇದನ ಕೊಡದ ಗಂಡ, ಹೀಗೆ ಅಡ್ಡಿಗಳು ಕಳೆದು ಅವರ ಮದುವೆಯಾದದ್ದು 1863ರಲ್ಲಿ. ಅವನ ಬರಹಕ್ಕೆ ಮೊದಲ ಓದುಗಳೂ ಕಠಿಣ ವಿಮರ್ಶಕಳೂ ಆಕೆಯೇ ಆಗಿದ್ದಳು.

ಕ್ರಿಮಿಯಾ ಯುದ್ಧದ ಹೊತ್ತಿಗೆ ಅವನು ಸೈನ್ಯ ಸೇರಿದ, ಆದರೆ ಕಾಳಗ ಕಾಣುವ ಮೊದಲೇ ಒಡೆಸ್ಸಾದ ಬಳಿ ಟೈಫಸ್ ಜ್ವರ ಅವನ ದಳವನ್ನು ಹಾಸಿಗೆ ಹಿಡಿಸಿತು. ಅವನೂ ಸಾವಿನ ಅಂಚಿಗೆ ಹೋಗಿ ಬಂದ. ಸೋಫಿಯಾ ಅಲ್ಲಿಗೇ ಹೋಗಿ ಶುಶ್ರೂಷೆ ಮಾಡಿದಳು. ಆಗಷ್ಟೇ ಪಟ್ಟಕ್ಕೆ ಬಂದಿದ್ದ ಬಾಲ್ಯದ ಗೆಳೆಯ ತಂತಿಯ ಮೂಲಕ ಅವನ ಆರೋಗ್ಯದ ಸುದ್ದಿ ತರಿಸಿಕೊಳ್ಳುತ್ತಿದ್ದ. ಗುಣವಾಗಿ ಬಂದವನಿಗೆ 1856ರ ಪಟ್ಟಾಭಿಷೇಕದಂದು ಚಕ್ರವರ್ತಿಯ ಅಂಗರಕ್ಷಕ ಸಹಾಯಕನ ಪದವಿ ಸಿಕ್ಕಿತು. ಬೇಡವೆನ್ನಲು ಆಗಲಿಲ್ಲ. ಪ್ರೀತಿಯಿಂದ ಕೊಟ್ಟ ಸರಪಳಿಯನ್ನು ಕಳಚುವುದು ಎಷ್ಟು ಕಷ್ಟವೆಂಬುದು ಆ ಮುಂದಿನ ಐದು ವರ್ಷಗಳ ಅವನ ಪತ್ರಗಳಲ್ಲಿ ಕಾಣುತ್ತದೆ. ಕೊನೆಗೆ 1861ರಲ್ಲಿ ಅವನು ಚಕ್ರವರ್ತಿಗೆ ಬರೆದ ರಾಜೀನಾಮೆಯ ಪತ್ರ ಹತ್ತೊಂಬತ್ತನೆಯ ಶತಮಾನದ ರಷ್ಯಾದ ಘನವಾದ ಬರಹಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ. ನೌಕರಿ ಯಾವುದೇ ಇರಲಿ, ಅದು ತನ್ನ ಸ್ವಭಾವಕ್ಕೇ ಒಗ್ಗದು ಎಂದು ಮೊದಲು ಹೇಳುತ್ತಾನೆ. ತಾನು ಚಕ್ರವರ್ತಿಗೆ ಸೇವೆ ಸಲ್ಲಿಸಬಹುದಾದ ದಾರಿ ಒಂದೇ ಇದೆ, ಅದು ಏನೇ ಆದರೂ ಸತ್ಯವನ್ನು ಹೇಳುವುದು. ತನಗೆ ಸಾಧ್ಯವಾದ ಹುದ್ದೆ ಅದೊಂದೇ, ಪುಣ್ಯಕ್ಕೆ ಆ ಹುದ್ದೆಗೆ ಸಮವಸ್ತ್ರ ಬೇಕಿಲ್ಲ ಎಂದು ಮುಂದುವರಿಸುತ್ತಾನೆ.

ಆ ಹುದ್ದೆಯನ್ನು ಅವನು ನಿಭಾಯಿಸಿದ ಬಗೆಗೆ ಸಾಕ್ಷ್ಯಗಳಿವೆ. 1852ರಲ್ಲಿ ಲೇಖಕ ಗೊಗೊಲ್ ತೀರಿಕೊಂಡಾಗ ಬರೆದ ಶ್ರದ್ಧಾಂಜಲಿಗಾಗಿ ಕಾದಂಬರಿಕಾರ ತುರ್ಗೆನೆವ್‌ನನ್ನು ಬಂಧಿಸಿ ಅವನ ಹಳ್ಳಿಗೆ ಗಡೀಪಾರು ಮಾಡಿದ್ದರು. ಯುವರಾಜನ ಬಳಿ ಮತ್ತೆ ಮತ್ತೆ ಹೋಗಿ ಅವನನ್ನು ಬಿಡಿಸಲು ದುಡಿದವನು ಟಾಲ್‌ಸ್ಟಾಯ್. ಉಕ್ರೇನಿನ ಕವಿ ಶೆವ್‌ಚೆಂಕೊನ ಬಿಡುಗಡೆಗೂ ಅವನು ನೆರವಾದ. ಚೆರ್ನಿಶೆವ್‌ಸ್ಕಿಯ ಪ್ರಸಂಗ ಇವುಗಳಿಗಿಂತ ಕಠಿಣವಾದದ್ದು, ಏಕೆಂದರೆ ಆ ಕ್ರಾಂತಿಕಾರಿ ಲೇಖಕನ ವಿಚಾರಗಳು ಟಾಲ್‌ಸ್ಟಾಯ್‌ಗೆ ಸ್ವಲ್ಪವೂ ಒಪ್ಪಿಗೆಯಾಗುತ್ತಿರಲಿಲ್ಲ. 1864ರಲ್ಲಿ ಅವನನ್ನು ಸೈಬೀರಿಯದ ಕಠಿಣ ಶಿಕ್ಷೆಗೆ ಕಳುಹಿಸಿದ ಮೇಲೆ, ಬೇಟೆಯ ನಡುವೆ ಚಕ್ರವರ್ತಿ ಸಾಹಿತ್ಯದಲ್ಲಿ ಹೊಸದೇನಿದೆಯೆಂದು ಸಹಜವಾಗಿ ಕೇಳಿದನಂತೆ. ಚೆರ್ನಿಶೆವ್‌ಸ್ಕಿಗೆ ಆದ ಅನ್ಯಾಯದ ಶಿಕ್ಷೆಗಾಗಿ ರಷ್ಯನ್ ಸಾಹಿತ್ಯ ಸೂತಕ ಆಚರಿಸುತ್ತಿದೆ ಎಂದು ಇವನು ಉತ್ತರ ಕೊಟ್ಟನಂತೆ. ಆ ಹೆಸರನ್ನು ಇನ್ನೆಂದೂ ನನ್ನ ಮುಂದೆ ಎತ್ತಬೇಡ ಎಂದು ದೊರೆ ಮಾತು ಮುಗಿಸಿದನೆಂದು ಆ ಕಾಲದವರು ಹೇಳುತ್ತಾರೆ.

ಇವಾನನ ಕಾಲವನ್ನು ಕುರಿತ ಅವನ ಕಾದಂಬರಿ ‘ಪ್ರಿನ್ಸ್ ಸೆರೆಬ್ರೆನ್ನಿ’ 1862ರಲ್ಲಿ ಬಂತು. ಅದರ ಮುನ್ನುಡಿಯ ಒಂದು ಮಾತನ್ನು ಅವನ ಎಲ್ಲ ನಾಟಕಗಳ ಬಾಗಿಲಿಗೆ ಕಟ್ಟಬಹುದು. ಆ ಕಾಲದ ದಾಖಲೆಗಳನ್ನು ಓದುವಾಗ ಪುಸ್ತಕ ಕೈಯಿಂದ ಜಾರುತ್ತಿತ್ತು, ಲೇಖನಿಯನ್ನು ಎಸೆದುಬಿಡುತ್ತಿದ್ದೆ ಎನ್ನುತ್ತಾನೆ. ಇವಾನನಂಥವನು ಇದ್ದನಲ್ಲ ಎಂಬುದಕ್ಕಿಂತಲೂ, ಅವನನ್ನು ಕೋಪವಿಲ್ಲದೆ ನೋಡುತ್ತಿದ್ದ ಸಮಾಜವೊಂದು ಇತ್ತಲ್ಲ ಎಂಬ ಯೋಚನೆಯೇ ಅದಕ್ಕೆ ಕಾರಣವೆನ್ನುತ್ತಾನೆ. ಬಾಲ್ಯದಿಂದ ಸಿಂಹಾಸನದ ಪಕ್ಕದಲ್ಲಿ ಬೆಳೆದವನೊಬ್ಬ ಈ ಮಾತು ಹೇಳುತ್ತಿದ್ದಾನೆ. ಆ ಸಮಾಜದ ಬೊಯಾರರು ಅವನಿಗೆ ಪುಸ್ತಕದಲ್ಲಿ ಮಾತ್ರ ಸಿಕ್ಕವರಲ್ಲ.

‘ಇವಾನ್ ದಿ ಟೆರಿಬಲ್‌ನ ಮರಣ’ದಲ್ಲಿ ನನಗೆ ಎಲ್ಲಕ್ಕಿಂತ ಆಳವಾಗಿ ನಾಟಿದ ದೃಶ್ಯವೊಂದಿದೆ. ರಾಜ್ಯ ಕುಸಿಯುತ್ತಿದೆ, ದೊರೆಗೆ ದಿಕ್ಕು ತೋಚುತ್ತಿಲ್ಲ. ಮೂವತ್ತು ವರ್ಷದಿಂದ ಗವಿಯಂಥ ಕೋಣೆಯಲ್ಲಿ ಏಕಾಂತ ವ್ರತದಲ್ಲಿದ್ದ ವೃದ್ಧ ಸನ್ಯಾಸಿಯೊಬ್ಬನನ್ನು ಕರೆಸಿ ಅವನು ಸಲಹೆ ಕೇಳುತ್ತಾನೆ. 1552ರಲ್ಲಿ ಕಜಾನ್ ಗೆದ್ದ ಕಾಲದ ತರುಣ, ತೇಜಸ್ವಿ ಇವಾನನನ್ನು ಮಾತ್ರ ಆ ಸನ್ಯಾಸಿ ಬಲ್ಲ. ಆ ಮೇಲೆ ನಡೆದದ್ದೊಂದೂ ಅವನ ಕಿವಿಗೆ ಬಿದ್ದಿಲ್ಲ. ಚಿಂತೆಯೇಕೆ, ನಿನ್ನ ಬಳಿ ಎಂಥೆಂಥ ಸೇನಾನಿಗಳಿದ್ದಾರೆ, ಅವರನ್ನು ಕರೆ ಎಂದು ಅವನು ಮುಗ್ಧವಾಗಿ ಒಂದೊಂದೇ ಹೆಸರು ಹೇಳುತ್ತಾನೆ. ಪ್ರತಿ ಹೆಸರಿಗೂ ದೊರೆ ಉತ್ತರ ಕೊಡಬೇಕು. ಅವನು ಸತ್ತ. ಇವನೂ ಸತ್ತ. ಇನ್ನೊಬ್ಬ ಶತ್ರುವಿನ ಕಡೆಗೆ ಓಡಿಹೋದ. ಸತ್ತವರು ಹೇಗೆ ಸತ್ತರೆಂದು ಪ್ರೇಕ್ಷಕರಿಗೆ ಗೊತ್ತು. ಸನ್ಯಾಸಿಯ ಮಾತು ದೊರೆಯ ಮಗನ ಕಡೆ ತಿರುಗಿದಾಗ ಇನ್ನು ಸಹಿಸಲಾಗುವುದಿಲ್ಲ. ಸನ್ಯಾಸಿ ಆರೋಪಿಸುತ್ತಿಲ್ಲ, ಶಪಿಸುತ್ತಿಲ್ಲ. ಬರೀ ಹಾಜರಿ ಕರೆಯುತ್ತಿದ್ದಾನೆ. ವೇದಿಕೆಯ ಮೇಲೆ ಒಂದು ಹನಿ ರಕ್ತವಿಲ್ಲದೆ ಒಂದು ಇಡೀ ತಲೆಮಾರಿನ ಕೊಲೆಯನ್ನು ತೋರಿಸಿದ ದೃಶ್ಯ ಇದಕ್ಕಿಂತ ಬಿಗಿಯಾದದ್ದನ್ನು ನಾನು ಬೇರೆ ಕಂಡಿಲ್ಲ.

ಇವಾನ್ ಸಾಯುವುದು 1584ರ ಮಾರ್ಚ್‌ನಲ್ಲಿ, ಜೋಯಿಸರು ಗೊತ್ತು ಮಾಡಿದ ಸಂತ ಕಿರಿಲನ ದಿನದಂದು. ದಿನ ಕಳೆಯಿತು, ಗಂಡಾಂತರ ತಪ್ಪಿತು ಎಂದುಕೊಂಡು ಚದುರಂಗ ಆಡುತ್ತಿರುವಾಗ, ದಿನ ಇನ್ನೂ ಮುಗಿದಿಲ್ಲವೆಂಬ ಜೋಯಿಸರ ಮಾತನ್ನು ಆಸ್ಥಾನದ ಸರದಾರ ಬೊರಿಸ್ ಗೊದುನೋವ್ ನಿಧಾನವಾಗಿ, ಕಣ್ಣಲ್ಲಿ ಕಣ್ಣಿಟ್ಟು ತಲುಪಿಸುತ್ತಾನೆ. ಸಿಟ್ಟಿನಿಂದಲೇ ದೊರೆಯ ಎದೆ ಒಡೆಯುತ್ತದೆ. ಅವನೇ ಕರೆಸಿದ್ದ ಹಾಸ್ಯಗಾರರ ಮೇಳ ಕುಣಿಯುತ್ತ ಹಾಡುತ್ತ ಒಳನುಗ್ಗುವ ಹೊತ್ತಿಗೆ ಅವನು ನೆಲಕ್ಕುರುಳಿದ್ದಾನೆ. ಕೊನೆಯ ಮಾತು ಹಿರಿಯ ಸರದಾರ ಜಖಾರಿನ್‌ನದು. ದೇವರು ಇವಾನನನ್ನು ಕ್ಷಮಿಸಲಿ ಎನ್ನುವ ಅವನು ಅದೇ ಉಸಿರಿನಲ್ಲಿ ನಮ್ಮೆಲ್ಲರನ್ನೂ ಕ್ಷಮಿಸಲಿ ಎನ್ನುತ್ತಾನೆ. ಆ ‘ನಮ್ಮೆಲ್ಲರನ್ನೂ’ ಎಂಬ ಮಾತು ಬರದೆ ಈ ನಾಟಕ ಮುಗಿಯುವಂತಿರಲಿಲ್ಲ.

ಚರಿತ್ರೆಯನ್ನು ಅವನು ಹೇಗೆ ಬಳಸಿದ ಎಂಬುದನ್ನೂ ಹೇಳಬೇಕು. ಅವನ ಮುಖ್ಯ ಆಧಾರ ಕರಂಜಿನ್ ಬರೆದ ರಷ್ಯಾದ ಇತಿಹಾಸ. ಆದರೆ ವರ್ಷಗಳನ್ನು ಹಿಂದುಮುಂದು ಮಾಡಲು, ದೂರದೂರದ ಘಟನೆಗಳನ್ನು ಒಟ್ಟಿಗೆ ತರಲು ಅವನು ಅಂಜಲಿಲ್ಲ. ಪಂಡಿತರು ತಪ್ಪು ಎತ್ತಿ ತೋರಿಸಿದಾಗ ಮುಚ್ಚಿಡಲೂ ಇಲ್ಲ. ನಾಟಕವನ್ನು ಆಡಿಸುವವರಿಗೆಂದು ಬರೆದ ದೀರ್ಘ ಸೂಚನೆಯಲ್ಲಿ, ಕವಿಗೆ ಕಾನೂನು ಮನುಷ್ಯ ಸತ್ಯ, ಚಾರಿತ್ರಿಕ ಸತ್ಯಕ್ಕೆ ಅವನು ಕಟ್ಟುಬಿದ್ದವನಲ್ಲ ಎಂದು ನೇರವಾಗಿ ಬರೆದ. ಈ ಮಾತನ್ನು ಅಡ್ಡ ಹಿಡಿದು ಚರಿತ್ರೆಯನ್ನು ಬೇಕಾದಂತೆ ತಿರುಚುವವರಿಗೆ ಎಲ್ಲ ಕಾಲದಲ್ಲೂ ಕೊರತೆಯಿಲ್ಲ, ಅದರ ಅಪಾಯ ನನಗೂ ಗೊತ್ತು. ಟಾಲ್‌ಸ್ಟಾಯ್ ಮಾಡಿದ್ದು ಬೇರೆ. ಅವನು ತಾರೀಖುಗಳನ್ನು ಬದಲಿಸಿದ್ದು ಯಾರನ್ನೂ ಪಾಪದಿಂದ ಪಾರು ಮಾಡಲಿಕ್ಕಲ್ಲ. ಅದೇ ಸೂಚನೆಗಳಲ್ಲಿ ಪ್ರತಿ ಪಾತ್ರ ಹೇಗೆ ನಡೆಯಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದನ್ನೆಲ್ಲ ಅವನು ಪ್ರೀತಿಯಿಂದ ವಿವರಿಸುತ್ತಾನೆ. ರಂಗದ ಮೇಲೆ ನಿಂತು ಕಲಿಯದ ಶ್ರೀಮಂತನೊಬ್ಬ ನಟರ ಕಷ್ಟವನ್ನು ಇಷ್ಟು ಸೂಕ್ಷ್ಮವಾಗಿ ಅರಿತದ್ದು ಆಶ್ಚರ್ಯ.

ಈ ಮೊದಲ ನಾಟಕ 1867ರ ಜನವರಿಯಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಅದ್ದೂರಿಯಾಗಿ ಪ್ರದರ್ಶನಗೊಂಡಿತು, ಮರುವರ್ಷ ಕರೋಲಿನಾ ಪಾವ್ಲೊವಾ ಮಾಡಿದ ಜರ್ಮನ್ ಅನುವಾದದಲ್ಲಿ ವೈಮಾರ್‌ನಲ್ಲಿಯೂ ಆಡಲಾಯಿತು. ಬಾಲಕನಾಗಿ ಗಯಟೆಯನ್ನು ಕಂಡ ಊರಿನಲ್ಲಿ ತನ್ನ ನಾಟಕ ನಡೆದದ್ದು ಅವನಿಗೆ ಎಷ್ಟು ಸಂತೋಷ ಕೊಟ್ಟಿರಬೇಕು! ಅದೇ 1868ರಲ್ಲಿ ಅವನ ಎರಡನೆಯ, ಅತಿ ದೊಡ್ಡ ನಾಟಕ ‘ತ್ಸಾರ್ ಫ್ಯೊದೊರ್ ಇಯೊವಾನೊವಿಚ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಫ್ಯೊದೊರ್ ಇವಾನನ ಉಳಿದ ಮಗ. ಗುಡಿಯ ಗಂಟೆ ಬಾರಿಸುವುದೆಂದರೆ ಇಷ್ಟ, ಹೆಂಡತಿ ಇರೀನಾಳೆಂದರೆ ಜೀವ, ಜಗಳವೆಂದರೆ ಭಯ. ಅವನ ಹೆಸರಿನಲ್ಲಿ ರಾಜ್ಯ ನಡೆಸುವವನು ಇರೀನಾಳ ಅಣ್ಣ ಬೊರಿಸ್ ಗೊದುನೋವ್. ಅವನಿಗೆದುರಾಗಿ ಪ್ಸ್ಕೋವ್ ನಗರವನ್ನು ಕಾಪಾಡಿದ ವೀರ, ಸುಳ್ಳಾಡಲು ಬಾರದ ಇವಾನ್ ಪೆತ್ರೊವಿಚ್ ಶೂಯ್‌ಸ್ಕಿ. ಫ್ಯೊದೊರ್ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತಾನೆ. ನಾಟಕದಲ್ಲಿ ಅವನು ಅಷ್ಟು ಸಂತೋಷದಿಂದಿರುವ ಗಳಿಗೆ ಬೇರೊಂದಿಲ್ಲ. ಯಾರಿಗೂ ಕೇಡು ಮಾಡುವುದಿಲ್ಲವೆಂದು ಗೊದುನೋವ್ ಆಣೆಯಿಟ್ಟಿದ್ದಾನೆಂದು ಶೂಯ್‌ಸ್ಕಿ ತನ್ನನ್ನು ನಂಬಿದ ವರ್ತಕರಿಗೆ ಹೊರಗೆ ಹೋಗಿ ಭರವಸೆ ಕೊಡುತ್ತಾನೆ. ಆ ವರ್ತಕರನ್ನೇ ಗೊದುನೋವ್‌ನ ಜನ ಹಿಡಿದೊಯ್ಯುತ್ತಾರೆ. ಪ್ರಶ್ನಿಸಿದರೆ, ಅದು ಹಿಂದಿನ ತಪ್ಪಿಗಲ್ಲ, ಬೇರೆಯದಕ್ಕೆ ಎಂಬ ಉತ್ತರ ಸಿದ್ಧವಾಗಿದೆ.

ಮುಂದೆ ಬರುವ ಪ್ರಸಂಗಕ್ಕೆ ಸಮನಾದದ್ದನ್ನು ನಾಟಕ ಸಾಹಿತ್ಯದಲ್ಲಿ ಹುಡುಕುವುದು ಕಷ್ಟ. ಶೂಯ್‌ಸ್ಕಿ ದಂಗೆಯೆದ್ದು, ಉಗ್ಲಿಚ್‌ನಲ್ಲಿರುವ ಬಾಲಕ ದ್ಮಿತ್ರಿಯನ್ನು, ಅಂದರೆ ಫ್ಯೊದೊರ್‌ನ ಮಲತಮ್ಮನನ್ನು, ಪಟ್ಟಕ್ಕೆ ತರಲು ಸಂಚು ಮಾಡಿದ್ದಾನೆಂಬ ದೂರು ಬರುತ್ತದೆ. ಫ್ಯೊದೊರ್ ನಂಬುವುದಿಲ್ಲ. ಶೂಯ್‌ಸ್ಕಿಯನ್ನು ಕರೆಸಿ, ಇದು ಸುಳ್ಳೆಂದು ಹೇಳಿಬಿಡು ಎಂದು ಕೇಳುತ್ತಾನೆ. ದೊರೆಯ ಮುಗ್ಧತೆಯೆದುರು ಸುಳ್ಳಾಡಲಾರದೆ ಶೂಯ್‌ಸ್ಕಿ ನಿಜವೆಂದು ಒಪ್ಪಿಕೊಳ್ಳತೊಡಗುತ್ತಾನೆ. ಆಗ ಫ್ಯೊದೊರ್ ಅವನ ಮಾತನ್ನು ತಡೆದು ಎಲ್ಲರ ಮುಂದೆ ಕೂಗುತ್ತಾನೆ: ನಾನೇ ಅವನಿಗೆ ಹೇಳಿದ್ದೆ, ಮಿತ್ಯಾನನ್ನು (ದ್ಮಿತ್ರಿಯನ್ನು) ಪಟ್ಟಕ್ಕೆ ತಾ ಎಂದು ನಾನೇ ಅಪ್ಪಣೆ ಕೊಟ್ಟಿದ್ದೆ! ತನ್ನ ಮೇಲೆಯೇ ಎದ್ದ ದಂಗೆಯ ತಪ್ಪನ್ನು ದೊರೆ ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ. ಇವನು ದೊರೆಯಲ್ಲ, ಸಂತ ಎಂದು ಶೂಯ್‌ಸ್ಕಿ ಬೆರಗಾಗುತ್ತಾನೆ. ಅಷ್ಟರಲ್ಲಿ ಶೂಯ್‌ಸ್ಕಿಯ ಕಡೆಯವರು ಹಿಂದೆ ಸಿದ್ಧಪಡಿಸಿದ್ದ ಮನವಿಯೊಂದು ಫ್ಯೊದೊರ್‌ನ ಕೈಗೆ ಬರುತ್ತದೆ. ಇರೀನಾಳಿಗೆ ಮಕ್ಕಳಿಲ್ಲವೆಂದು ಅವಳನ್ನು ಬಿಟ್ಟು ಬೇರೆ ಮದುವೆಯಾಗಬೇಕೆಂದು ಅದರಲ್ಲಿ ಕೇಳಿದೆ. ತನ್ನ ಪಟ್ಟಕ್ಕೇ ಸಂಚು ಮಾಡಿದವರನ್ನು ಕ್ಷಮಿಸಿದವನಿಗೆ ಹೆಂಡತಿಯ ಮೇಲೆ ಕೈ ಹಾಕಿದವರನ್ನು ಕ್ಷಮಿಸಲಾಗುವುದಿಲ್ಲ. ಆ ಕೋಪದಲ್ಲಿ ಅವನು ಬಂಧನದ ಆಜ್ಞೆಗೆ ಸಹಿ ಹಾಕುತ್ತಾನೆ. ಒಳ್ಳೆಯ ಮನುಷ್ಯನ ಅತ್ಯಂತ ಒಳ್ಳೆಯ ಭಾವನೆಯ ಮೂಲಕವೇ ಕೇಡು ಒಳಗೆ ಬಂತು.

ಶೂಯ್‌ಸ್ಕಿ ಸೆರೆಮನೆಯಲ್ಲಿ ಸಾಯುತ್ತಾನೆ. ಸುದ್ದಿ ಕೇಳಿದ ಫ್ಯೊದೊರ್ ಕಟುಕರನ್ನು ಕರೆಯಿರಿ ಎಂದು ಅರಚುತ್ತಾನೆ. ಒಂದು ಕ್ಷಣ ಅವನ ಗಂಟಲಿನಿಂದ ಅಪ್ಪನ ದನಿ ಹೊರಡುತ್ತದೆ. ಬೆನ್ನಿಗೇ ಉಗ್ಲಿಚ್‌ನಿಂದ ದ್ಮಿತ್ರಿ ಸತ್ತ ಸುದ್ದಿ ಬರುತ್ತದೆ, ತಾತಾರರು ಮಾಸ್ಕೋದತ್ತ ನುಗ್ಗಿ ಬರುತ್ತಿರುವ ಸುದ್ದಿ ಬರುತ್ತದೆ. ಅಧಿಕಾರವನ್ನೆಲ್ಲ ಗೊದುನೋವ್‌ಗೆ ಒಪ್ಪಿಸಿ ಹೆಂಡತಿಯನ್ನು ಅಪ್ಪಿಕೊಂಡು ಅವನು ಹೇಳುವ ಮಾತುಗಳ ಸಾರವಿಷ್ಟು: ಎಲ್ಲವೂ ನನ್ನಿಂದಲೇ ಆಯಿತು; ಇರೀನಾ, ನಾನು ಒಳ್ಳೆಯದನ್ನೇ ಬಯಸಿದ್ದೆ, ಎಲ್ಲರನ್ನೂ ಒಂದುಗೂಡಿಸಬೇಕೆಂದಿದ್ದೆ; ದೇವರೇ, ನನ್ನನ್ನೇಕೆ ದೊರೆ ಮಾಡಿದೆ! ಮನುಷ್ಯರ ಹಕ್ಕುಗಳನ್ನೆಲ್ಲ ಅಧಿಕಾರಕ್ಕಾಗಿ ತುಳಿದದ್ದು ಇವಾನನ ದುರಂತ ದೋಷ, ನೈತಿಕ ಬಲವಿಲ್ಲದೆ ಅಧಿಕಾರವನ್ನು ಹೊತ್ತದ್ದು ಫ್ಯೊದೊರ್‌ನ ದುರಂತ ದೋಷ ಎಂದು ಟಾಲ್‌ಸ್ಟಾಯ್ ತಾನೇ ಬರೆದಿದ್ದಾನೆ. ನಾನು ಇದನ್ನು ಪೂರ್ತಿ ಒಪ್ಪಲಾರೆ. ಅವನು ಬರೆದ ಫ್ಯೊದೊರ್ ಅವನ ವಿವರಣೆಗಿಂತ ದೊಡ್ಡವನು. ಆ ಆಸ್ಥಾನದಲ್ಲಿ ಎದುರಿಗಿದ್ದವರನ್ನು ಮನುಷ್ಯರೆಂದು ನೋಡಿದವನು ಅವನೊಬ್ಬನೇ. ಅವನ ಒಳ್ಳೆಯತನವನ್ನು ಕೆಲಸಕ್ಕೆ ಬಾರದಂತೆ ಮಾಡಿದ್ದು ಅವನೊಬ್ಬನ ದುರ್ಬಲತೆಯಲ್ಲ, ಅದನ್ನು ಕಂಡೂ ತಮ್ಮ ತಮ್ಮ ಲೆಕ್ಕದಲ್ಲಿ ಮುಳುಗಿದ್ದ ಸುತ್ತಲಿನ ಜಾಣರು.

ಸರ್ಕಾರ ಈ ನಾಟಕವನ್ನು ರಂಗದ ಮೇಲೆ ತರದಂತೆ ತಡೆಯಿತು. ಕ್ರೂರ ದೊರೆಯನ್ನು ತೋರಿಸಬಹುದು, ದುರ್ಬಲ ದೊರೆಯನ್ನು ತೋರಿಸಬಾರದು ಎಂಬುದು ಆಳುವವರ ತರ್ಕವಾಗಿತ್ತು. ಯೋಚಿಸಿದರೆ ಅದು ಅವರ ಭಯದ ಖಚಿತವಾದ ನಕ್ಷೆ. ಆಗ ಗೃಹಮಂತ್ರಿಯಾಗಿದ್ದವನು ತಿಮಾಶೆವ್. ಅದೇ ವರ್ಷ ಟಾಲ್‌ಸ್ಟಾಯ್ ಬರೆದ ವಿಡಂಬನೆಯ ಪದ್ಯವೊಂದು ರಷ್ಯಾದ ಇಡೀ ಇತಿಹಾಸವನ್ನು, ಪುರಾಣಕಾಲದ ಗೊಸ್ತೊಮಿಸ್ಲ್‌ನಿಂದ ತಿಮಾಶೆವ್‌ವರೆಗೆ, ಒಂದೇ ಪಲ್ಲವಿಯಲ್ಲಿ ಹೇಳಿ ಮುಗಿಸುತ್ತದೆ: ನಮ್ಮ ನಾಡು ಸಂಪನ್ನ, ಕ್ರಮವೊಂದೇ ಇಲ್ಲ. ಕೈಬರಹದ ಪ್ರತಿಗಳಲ್ಲಿ ಓಡಾಡಿದ ಅದು ಅಚ್ಚಾದದ್ದು ಅವನು ಸತ್ತ ಮೇಲೆ, 1883ರಲ್ಲಿ.

ತ್ರಿವಳಿಯ ಮೂರನೆಯ ನಾಟಕ ‘ತ್ಸಾರ್ ಬೊರಿಸ್’ 1870ರಲ್ಲಿ ಪ್ರಕಟವಾಯಿತು. ಮೊದಲೆರಡರ ಬಿಸಿ ಅದರಲ್ಲಿಲ್ಲ. ಗೊದುನೋವ್‌ನ ಅಂತಸ್ಸಾಕ್ಷಿಯ ಕಥೆಯನ್ನು ಪುಷ್ಕಿನ್ ಹಿಂದೆಯೇ ಹೇಳಿ ಮುಗಿಸಿದ್ದ. ಆ ಮೇಲೆ ಕೈಗೆತ್ತಿಕೊಂಡ ‘ಪೊಸಾದ್ನಿಕ್’ ಅಪೂರ್ಣವಾಗಿ ಉಳಿಯಿತು. ಜನರ ಸಭೆಯೇ ಆಳುತ್ತಿದ್ದ ಹಳೆಯ ನವ್ಗೊರೊದ್ ನಗರದ ಕಥೆ ಅದು. ಊರನ್ನು ಉಳಿಸಲು ತಾನು ಮಾಡದ ದ್ರೋಹವನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುವ ಮುಖಂಡನೊಬ್ಬ ಅದರ ನಾಯಕ. ಅಂದರೆ ಫ್ಯೊದೊರ್ ಒಂದು ಗಳಿಗೆ ಮಾಡಿದ್ದನ್ನು ಈತ ತಿಳಿದು, ಬಲವಿದ್ದು, ಮಾಡುತ್ತಾನೆ. ಅದು ಪೂರ್ತಿಯಾಗಲಿಲ್ಲವೆಂಬುದು ನನಗೆ ಸ್ವಂತ ನಷ್ಟದಂತೆ ತೋರುತ್ತದೆ.

ತಾನು ಎರಡು ಪಾಳೆಯಗಳಲ್ಲಿ ಯಾವುದರ ಯೋಧನೂ ಅಲ್ಲ, ಆಕಸ್ಮಿಕವಾಗಿ ಬಂದ ಅತಿಥಿ ಎಂದು ಅವನು 1858ರಷ್ಟು ಹಿಂದೆಯೇ ಒಂದು ಕವಿತೆಯಲ್ಲಿ ಹೇಳಿಕೊಂಡಿದ್ದ. ಅರಮನೆಗೆ ಅವನು ಅತಿಯಾದ ಸ್ವತಂತ್ರ, ಕ್ರಾಂತಿಕಾರಿಗಳಿಗೆ ಅವನು ಅರಮನೆಯವನು. ಎರಡೂ ಕಡೆಯಿಂದ ಬೈಗುಳ ತಿಂದ. ಕೊನೆಯ ವರ್ಷಗಳಲ್ಲಿ ಉಬ್ಬಸ, ಎದೆನೋವು, ತಡೆಯಲಾರದ ತಲೆನೋವು ಅವನನ್ನು ಹಿಂಡಿದವು. ಲಾಳ ಬಗ್ಗಿಸುತ್ತಿದ್ದ ಕೈಗೆ ವೈದ್ಯರು ಮಾರ್ಫಿನ್ ಚುಚ್ಚುಮದ್ದು ಕೊಟ್ಟರು. 1875ರ ಸೆಪ್ಟೆಂಬರ್ 28ರಂದು ಕ್ರಾಸ್ನಿ ರೋಗ್‌ನಲ್ಲಿ, ಅದರ ಪ್ರಮಾಣ ಹೆಚ್ಚಾಗಿ ಅವನು ತೀರಿಕೊಂಡ. ಐವತ್ತೆಂಟು ವರ್ಷವಾಗಿತ್ತು. ಫ್ಯೊದೊರ್‌ನನ್ನು ಅವನು ರಂಗದ ಮೇಲೆ ನೋಡಲಿಲ್ಲ.

ರಷ್ಯಾದ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಹೆಸರು ಕೇಳದ ನಾಟಕದವರು ನಮ್ಮಲ್ಲಿ ವಿರಳ, ಅವನ ಮಾಸ್ಕೋ ಆರ್ಟ್ ಥಿಯೇಟರ್ ಎಂದರೆ ಚೆಕಾವ್‌ನ ಮನೆ ಎಂದೇ ನಾವು ಮಾತಾಡುತ್ತೇವೆ. ಆದರೆ ಆ ರಂಗಮಂದಿರದ ಬಾಗಿಲು ತೆರೆದದ್ದು ‘ತ್ಸಾರ್ ಫ್ಯೊದೊರ್’ನಿಂದ, ಹಳೆಯ ಪಂಚಾಂಗದ 1898ರ ಅಕ್ಟೋಬರ್ 14ರಂದು. ಮೂವತ್ತು ವರ್ಷದ ನಿಷೇಧ ಆಗಷ್ಟೇ ತೆರವಾಗಿತ್ತು. ಹಳೆಯ ಕಾಲದ ಉಡುಪು, ಕಸೂತಿ, ಪಾತ್ರೆಗಳನ್ನು ಹುಡುಕಿಕೊಂಡು ತಂಡ ರೊಸ್ತೊವ್, ನಿಜ್ನಿ ನವ್ಗೊರೊದ್ ಮುಂತಾದ ಊರುಗಳನ್ನು ಸುತ್ತಿ ಬಂದಿತ್ತು. ಇವಾನ್ ಮಾಸ್ಕ್ವಿನ್ ಎಂಬ ಹೆಸರಿಲ್ಲದ ತರುಣ ನಟ ಫ್ಯೊದೊರ್ ಆಗಿದ್ದ. ಮುಂದೆ ದೊಡ್ಡ ನಿರ್ದೇಶಕನಾದ ಮೆಯರ್‌ಹೋಲ್ಡ್ ಶೂಯ್‌ಸ್ಕಿ ಮನೆತನದ ಇನ್ನೊಬ್ಬನಾದ ವಸೀಲಿ ಶೂಯ್‌ಸ್ಕಿಯ ಪಾತ್ರದಲ್ಲಿದ್ದ. ಇರೀನಾ ಆಗಿದ್ದವಳು ಓಲ್ಗಾ ಕ್ನಿಪ್ಪರ್. ತಾಲೀಮು ನೋಡಲು ಬಂದಿದ್ದ ಚೆಕಾವ್, ಮಾಸ್ಕೋದಲ್ಲೇ ಉಳಿದಿದ್ದರೆ ಈ ಇರೀನಾಳನ್ನು ಪ್ರೀತಿಸಿಬಿಡುತ್ತಿದ್ದೆ ಎಂದು ಗೆಳೆಯನಿಗೆ ಪತ್ರ ಬರೆದ. ಮೂರು ವರ್ಷದ ಮೇಲೆ ಅವಳನ್ನೇ ಮದುವೆಯಾದ.

ಆ ರಾತ್ರಿ ಪರದೆ ಸರಿದಾಗ ಹೊಸ ರಂಗಮಂದಿರದಲ್ಲಿ ಮೊಳಗಿದ ಮೊದಲ ಮಾತು ಅದೇ ಮನೆತನದ ಆಂದ್ರೇ ಶೂಯ್‌ಸ್ಕಿಯದು: ಈ ಕೆಲಸದ ಮೇಲೆ ನನಗೆ ಗಟ್ಟಿಯಾದ ಭರವಸೆಯಿದೆ. ಬಡ ತಂಡದವರಿಗೆ ಅದು ತಮ್ಮ ಸಾಹಸಕ್ಕೆ ಸಿಕ್ಕ ಶುಭಶಕುನದಂತೆ ಕೇಳಿಸಿತು, ಮುಂದೆ ಅವರು ಅದನ್ನು ಹೆಮ್ಮೆಯಿಂದ ನೆನೆದರು. ನಾಟಕದಲ್ಲಿ ಆ ‘ಕೆಲಸ’ ಇರೀನಾಳನ್ನು ಗಂಡನಿಂದ ಬೇರ್ಪಡಿಸುವ ಮನವಿ. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರಾಗಿ ಅದಕ್ಕೆ ಸಹಿ ಹಾಕುತ್ತಿದ್ದಾರೆ.